ಆ ಒಂದು ಪರ್ಸೆಂಟ್ ಇಂಧನ ಎಲ್ಲಿ ಹೋಗುತ್ತದೆ?

ಇಷ್ಟು ತೂಕ, ಇಷ್ಟು ಎತ್ತರ, ಇಷ್ಟು ವೇಗ ಇದ್ದರೆ ಇಂಜಿನ್ ಇಷ್ಟು ಜೋರಾಗಿ ತಿರುಗಬೇಕು, ಇಷ್ಟು ಇಂಧನ ಕುಡಿಯಬೇಕು ಅಂತ ವಿಮಾನ ತಯಾರಿಸಿದವರು ಒಂದು ಮಾದರಿ ಲೆಕ್ಕ ಕೊಡುತ್ತಾರೆ. ವಿಮಾನ ಹಳೆಯದಾದ ಹಾಗೆ ಆ ಲೆಕ್ಕಕ್ಕಿಂತ ಸ್ವಲ್ಪ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಎಷ್ಟು ಜಾಸ್ತಿ, ಯಾಕೆ ಜಾಸ್ತಿ ಅಂತ ಹುಡುಕುವುದೇ ಏರ್‌ಲೈನ್‌ನಲ್ಲಿ ನನ್ನ ಕೆಲಸ. ನಮ್ಮ ವಿಮಾನಗಳೆಲ್ಲ ಏರ್‌ಬಸ್ ಎ320.

ಮೇಲೆ ಸಮನಾಗಿ ಹಾರುವಾಗ ಎ320 ಗಂಟೆಗೆ ಸುಮಾರು 2,400 ಕೆಜಿ ಇಂಧನ ಸುಡುತ್ತದೆ. ಅದರಲ್ಲಿ 1% ಅಂದರೆ 24 ಕೆಜಿ. ದಿನಕ್ಕೆ 10 ಗಂಟೆ ಹಾರಿದರೆ ಒಂದೇ ವಿಮಾನಕ್ಕೆ ವರ್ಷಕ್ಕೆ 80 ಟನ್ ದಾಟುತ್ತದೆ. ಒಂದು ಕೆಜಿ ಇಂಧನ ಸುಟ್ಟರೆ 3.16 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಹಾಗಾಗಿ ಒಂದು ಪರ್ಸೆಂಟನ್ನು ನಾನು ಯಾವತ್ತೂ ಚಿಕ್ಕದು ಅನ್ನುವುದಿಲ್ಲ.

ಡೇಟಾ ವಿಮಾನವೇ ಕಳಿಸುತ್ತದೆ. ಗಾಳಿ ಶಾಂತವಾಗಿ, ಎತ್ತರ, ವೇಗ, ಹೊರಗಿನ ಉಷ್ಣತೆ ಕೆಲವು ನಿಮಿಷ ಕದಲದೆ ನಿಂತಾಗ ತೆಗೆದ ರೀಡಿಂಗ್ ಮಾತ್ರ ನನಗೆ ಬೇಕು. ಉಳಿದದ್ದನ್ನು ಬಿಡುತ್ತೇನೆ. ಒಂದೊಂದು ರೀಡಿಂಗ್ ನಂಬುವಂತಿಲ್ಲ, ವಾರಗಟ್ಟಲೆ ಸೇರಿಸಿ ನೋಡಬೇಕು. ಭೂಮಿ ತಿರುಗುವುದೂ ಲೆಕ್ಕಕ್ಕೆ ಬರುತ್ತದೆ ಅಂದರೆ ನಂಬುತ್ತೀರಾ? ನಮ್ಮ ದೇಶದ ಮೇಲೆ ಪೂರ್ವಕ್ಕೆ ಹಾರುವ ವಿಮಾನ ಪಶ್ಚಿಮಕ್ಕೆ ಹಾರುವಾಗಿನದಕ್ಕಿಂತ ಅರ್ಧ ಪರ್ಸೆಂಟಿಗೂ ಜಾಸ್ತಿ ಹಗುರವಾಗಿರುತ್ತದೆ. ಇದನ್ನು ಸರಿಪಡಿಸದೆ ಒಂದು ಪರ್ಸೆಂಟ್ ಹುಡುಕಲು ಹೊರಟರೆ ಸುಮ್ನೆ ದಾರಿ ತಪ್ಪುತ್ತೇವೆ.

ಮುಖ್ಯವಾದ ಕೆಲಸ ಇಲ್ಲಿಂದ ಶುರು. ಜಾಸ್ತಿ ಇಂಧನ ಕಂಡ ತಕ್ಷಣ ಎಲ್ಲರೂ ಇಂಜಿನ್ ಕಡೆ ಬೆರಳು ತೋರಿಸುತ್ತಾರೆ. ನಾನು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತೇನೆ. ಅದೇ ವೇಗದಲ್ಲಿ ಹಾರಲು ಇಂಜಿನ್‌ನ ಮುಂದಿರುವ ದೊಡ್ಡ ಫ್ಯಾನ್ ಮಾದರಿ ಲೆಕ್ಕಕ್ಕಿಂತ ಜೋರಾಗಿ ತಿರುಗಬೇಕಾಯಿತೇ? ಹಾಗಿದ್ದರೆ ವಿಮಾನದ ಮೈ ಗಾಳಿಗೆ ಜಾಸ್ತಿ ಅಡ್ಡ ನಿಲ್ಲುತ್ತಿದೆ. ಫ್ಯಾನ್ ವೇಗ ಸರಿಯಾಗೇ ಇದ್ದು, ಅಷ್ಟಕ್ಕೇ ಇಂಧನ ಜಾಸ್ತಿ ಹೋಗುತ್ತಿದೆಯೇ? ಆಗ ಇಂಜಿನ್ ಸವೆದಿದೆ, ಇಲ್ಲವೇ ಒಳಗೆ ಕೊಳೆ ಕೂತಿದೆ. ಕೊಳೆಯಾದರೆ ನೀರು ಹಾಯಿಸಿ ತೊಳೆದ ಮೇಲೆ ಒಂದಿಷ್ಟು ವಾಪಸ್ ಸಿಗುತ್ತದೆ.

ಒಂದು ವಿಮಾನ ಮೇಂಟೆನೆನ್ಸ್‌ನ ದೊಡ್ಡ ಚೆಕ್ ಮುಗಿಸಿ ಹೊರಬಂದ ಮೇಲೆ, ಅದು ಎಷ್ಟು ಜಾಸ್ತಿ ಇಂಧನ ಕುಡಿಯುತ್ತದೆ ಅಂತ ತೋರಿಸುವ ಗ್ರಾಫ್‌ನ ಗೆರೆ ಮೇಲಕ್ಕೆ ಜಿಗಿಯಿತು. ಫ್ಯಾನ್ ವೇಗಕ್ಕೆ ಇಷ್ಟು ಇಂಧನ ಅನ್ನುವ ಲೆಕ್ಕ ಎರಡೂ ಇಂಜಿನ್‌ಗಳಲ್ಲಿ ಹಳೆಯ ಹಾಗೇ ಇತ್ತು. ಫ್ಯಾನ್ ವೇಗ ಮಾತ್ರ ಏರಿತ್ತು. ಸವೆತ ನಿಧಾನವಾಗಿ ಏರುತ್ತದೆ, ಹೀಗೆ ಒಂದೇ ಸಲ ಜಿಗಿಯುವುದಿಲ್ಲ. ಹಾಗಾಗಿ ಮೈಯನ್ನೇ ನೋಡಿ ಅಂತ ಮೇಂಟೆನೆನ್ಸ್‌ನವರಿಗೆ ಹೇಳಿದೆ. ಒಂದು ಸ್ಪಾಯ್ಲರ್ (ರೆಕ್ಕೆಯ ಮೇಲೆ ಬೇಕಾದಾಗ ಎದ್ದು ನಿಲ್ಲುವ ಹಲಗೆ) ರೆಕ್ಕೆಗೆ ಪೂರ್ತಿ ಕೂರದೆ ಚೂರು ಎದ್ದು ನಿಂತಿತ್ತು. ಸರಿ ಮಾಡಿದರು, ಗೆರೆ ಇಳಿಯಿತು. ರೆಕ್ಕೆಯ ಮುಂದಿನ ಅಂಚಿನಲ್ಲಿ ಚಾಚುವ ಸ್ಲ್ಯಾಟ್‌ನ ಸಂದು, ಹರಿದ ಬಾಗಿಲಿನ ಸೀಲ್, ಪೇಂಟ್ ಕಿತ್ತ ಜಾಗ ಇವೆಲ್ಲ ಹೀಗೇ ಗೊತ್ತಾಗುತ್ತವೆ.

ತೂಕದ ವಿಷಯ ಇನ್ನೂ ನಾಜೂಕು. ಪ್ರಯಾಣಿಕರನ್ನು ಸಾಮಾನ್ಯವಾಗಿ ಯಾರೂ ತೂಗುವುದಿಲ್ಲ, ತಲೆಗೆ ಇಷ್ಟು ಅಂತ ಸರಾಸರಿ ಹಿಡಿಯುತ್ತೇವೆ. ಕೈಚೀಲ ಜಾಸ್ತಿ ಇರುವ ರೂಟ್‌ನಲ್ಲಿ ವಿಮಾನ ಕಾಗದದ ಮೇಲಿನದಕ್ಕಿಂತ ಭಾರ, ಆಗಲೂ ಫ್ಯಾನ್ ಜೋರಾಗೇ ತಿರುಗುತ್ತದೆ. ಅದಕ್ಕೇ ವಿಮಾನವಾರು ನೋಡಿದ ಮೇಲೆ ರೂಟ್‌ವಾರು ಕೂಡ ನೋಡುತ್ತೇನೆ. ಒಂದೇ ರೂಟ್‌ನಲ್ಲಿ ಎಲ್ಲ ವಿಮಾನಗಳೂ ಕೆಟ್ಟದಾಗಿ ಕಂಡರೆ ತಪ್ಪು ವಿಮಾನಗಳದ್ದಲ್ಲ.

ಮಾದರಿಗಿಂತ ಎಷ್ಟು ಪರ್ಸೆಂಟ್ ಜಾಸ್ತಿ ಅಂತ ಕೊನೆಗೆ ಸಿಕ್ಕ ಅಂಕಿ ಎರಡು ಕಡೆ ಹೋಗುತ್ತದೆ: ಹಾರಾಟಕ್ಕೆ ಮೊದಲು ದಾರಿ, ಇಂಧನ ಲೆಕ್ಕ ಹಾಕುವ ಡಿಸ್ಪ್ಯಾಚ್ ವಿಭಾಗದ ಫ್ಲೈಟ್ ಪ್ಲಾನ್‌ಗೆ, ಕಾಕ್‌ಪಿಟ್‌ನ ಕಂಪ್ಯೂಟರ್‌ಗೆ. ಎರಡೂ ಒಂದೇ ಇರಬೇಕು. ಪ್ಲಾನ್ ಮೇಲೆ ನಂಬಿಕೆ ಹೋದರೆ ಕ್ಯಾಪ್ಟನ್ ಒಂದು ಟನ್ ಜಾಸ್ತಿ ಹಾಕಿಸಿಕೊಳ್ಳುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಆ ಒಂದು ಟನ್ ಹೊರಲಿಕ್ಕೇ ಗಂಟೆಗೆ ಸುಮಾರು 30 ಕೆಜಿ ಸುಡುತ್ತದೆ. ಅಂದರೆ ನಾವು ಹುಡುಕುತ್ತಿದ್ದ 1%ಗಿಂತ ಜಾಸ್ತಿ, ಅಲ್ವಾ?

ಈ ಕೆಲಸ ಶುರು ಮಾಡುವವರಿಗೆ ಒಂದು ಮಾತು. ಇಂಜಿನ್‌ಗಳು ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ. ಮೈಯ ಲೆಕ್ಕವನ್ನು ವಿಮಾನದ ಹೆಸರಲ್ಲಿ, ಇಂಜಿನ್ ಲೆಕ್ಕವನ್ನು ಅದರ ಸೀರಿಯಲ್ ನಂಬರ್ ಹೆಸರಲ್ಲಿ ಮೊದಲಿಂದಲೇ ಬೇರೆ ಇಡಿ. ಇಂಜಿನ್ ಬದಲಾದ ದಿನ ಹಳೆಯ ಅಂಕಿಯನ್ನು ಅದರ ಜೊತೆಗೇ ಕಳಿಸಿ, ಹೊಸದರ ಅಂಕಿ ಸೇರಿಸಿದರೆ ಸಾಕು, ಮುಂದಿನ ಫ್ಲೈಟ್‌ಗೆ ಪ್ಲಾನ್ ರೆಡಿ.