ಟೈಲ್ಸ್ ಧೂಳಿಗೆ ಒದ್ದೆ ಗೋಣಿಚೀಲ

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ಅಡುಗೆಮನೆ ಟೈಲ್ಸ್ ಒಡೆಸಿದೆವು. ಮೊದಲ ದಿನ ಸಂಜೆ ನೋಡಿದರೆ ಒಳಕೋಣೆಯ ಮಂಡಕ್ಕಿ ಡಬ್ಬದ ಮೇಲೂ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಅಮ್ಮನಿಗೆ ರಾತ್ರಿಯಿಡೀ ಕೆಮ್ಮು. ತುಂಬಾ ಸಂಕಟವಾಯಿತು.

ಮರುದಿನ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಶೀಟ್ ಇಳಿಬಿಟ್ಟು ಅಂಚಿಗೆಲ್ಲ ಟೇಪ್ ಅಂಟಿಸಿದೆ. ಹೊಸ್ತಿಲಲ್ಲಿ ಒದ್ದೆ ಗೋಣಿಚೀಲ, ಕಾಲೊರೆಸಿಯೇ ಹೊರಗೆ ಬರಬೇಕು. ಸೀಲಿಂಗ್ ಫ್ಯಾನ್ ಬಂದ್. ಕಿಟಕಿಯಲ್ಲಿ ಟೇಬಲ್ ಫ್ಯಾನ್ ಇಟ್ಟು ಹಿತ್ತಲ ಕಡೆ ತಿರುಗಿಸಿದೆ.

ಆದರೆ ಜಾಸ್ತಿ ಫರಕ್ ಮಾಡಿದ್ದು ನೀರೇ. ನೀರು ಹರಿಸುತ್ತಾ ಕತ್ತರಿಸುವ ಕಟರ್ ತರಿಸಿ, ಹಿತ್ತಲಲ್ಲೇ ಕತ್ತರಿಸಿ ಅಂದೆ. ಆ ಬಿಳಿ ಪುಡಿಯಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಕಟರ್ ಹಿಡಿದ ಹುಡುಗನ ಎದೆಯೂ ಎದೆಯೇ ಅಲ್ವಾ? ಅವನಿಗೂ ಎನ್-95 ಮಾಸ್ಕ್ ಕೊಟ್ಟೆ. ಒಣ ಪೊರಕೆ ಮಾತ್ರ ಬೇಡವೇ ಬೇಡ, ನೀರು ಚಿಮುಕಿಸಿಯೇ ಗುಡಿಸಿ. ಮೂರನೇ ರಾತ್ರಿ ಅಮ್ಮ ಕೆಮ್ಮದೆ ಮಲಗಿದರು.