ಏರ್ ಪಿಸ್ತೂಲಿಗೆ ಪೆಲೆಟ್ ಆರಿಸಿಕೊಂಡದ್ದು ಹೇಗೆ: ನನ್ನ ಅನುಭವ

ಮೈಸೂರಿನಲ್ಲಿ ಶೂಟಿಂಗ್ ಕಲಿಯೋಕೆ ಬರುವ ಹುಡುಗರು ಮೊದಲ ವಾರವೇ ಕೇಳುತ್ತಾರೆ, ‘ಅಣ್ಣಾ, ಯಾವ ಪೆಲೆಟ್ ತಗೊಳ್ಳಲಿ?’ 2024ರಲ್ಲಿ ಮನು ಭಾಕರ್ ಪ್ಯಾರಿಸ್‌ನಲ್ಲಿ ಪದಕ ಗೆದ್ದ ಮೇಲಂತೂ ಇದು ಜಾಸ್ತಿಯಾಗಿದೆ. ಅಮೆರಿಕದವರು ಮನೆಯ ಗ್ಯಾರೇಜಿನಲ್ಲಿ ಕೂತು ಮದ್ದು ತೂಗಿ, ಖಾಲಿ ತೋಟಾಗೆ ತುಂಬಿ, ಮೇಲೆ ಗುಂಡು ಕೂರಿಸೋ ವಿಡಿಯೋಗಳನ್ನೂ ನೋಡಿಕೊಂಡು ಬಂದಿರುತ್ತಾರೆ. ಇಲ್ಲಿ ಅದು ಮನೆಯಲ್ಲಿ ಸುಮ್ನೆ ಮಾಡುವ ಕೆಲಸ ಅಲ್ಲ, ಕಾನೂನು ಬಿಗಿಯಾಗಿದೆ. ಹತ್ತು ಮೀಟರ್ ಏರ್ ಪಿಸ್ತೂಲಿನವರಿಗೆ ಗುಂಡು ಅಂದರೆ 4.5 ಮಿ.ಮೀ. ಸೀಸದ ಪೆಲೆಟ್, ಮದ್ದು ಅಂದರೆ ಸಿಲಿಂಡರಿನಲ್ಲಿರುವ ಗಾಳಿ. ಅಷ್ಟರಲ್ಲೇ ತಲೆ ಕೆಡಿಸಿಕೊಳ್ಳೋಕೆ ಬೇಕಾದಷ್ಟಿದೆ.

ಮೊದಲು ಒಂದು ಲೆಕ್ಕ. ಏರ್ ಪಿಸ್ತೂಲ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತ 11.5 ಮಿ.ಮೀ. ಅಗಲ. ಪೆಲೆಟ್ ಗೆರೆಗೆ ತಾಗಿದರೂ ಸಾಕು, ಹತ್ತು ಸಿಗುತ್ತದೆ. ಅಂದರೆ ಪೆಲೆಟ್‌ನ ನಡುಭಾಗ 16 ಮಿ.ಮೀ. ಅಗಲದ ಜಾಗದಲ್ಲಿ ಎಲ್ಲಿ ಬಿದ್ದರೂ ಹತ್ತೇ. ಏರ್ ರೈಫಲ್‌ನವರಿಗೆ ಹತ್ತು ಅನ್ನೋದು ಬರೀ ಅರ್ಧ ಮಿ.ಮೀ. ಚುಕ್ಕೆ, ಜೊತೆಗೆ ಅವರಿಗೆ ಅರ್ಹತಾ ಸುತ್ತಿನಲ್ಲೇ 10.2, 10.7 ಅಂತ ದಶಮಾಂಶದ ಅಂಕ. ಅವರು ಪೆಲೆಟ್‌ಗೆ ಅಷ್ಟೊಂದು ದುಡ್ಡು ಸುರಿಯೋದರಲ್ಲಿ ಅರ್ಥ ಇದೆ. ಅವರನ್ನು ನೋಡಿ ನಾವೂ ಅದೇ ಡಬ್ಬಿ ತಗೊಂಡರೆ ಯಾವ ಲಾಭವೂ ಇಲ್ಲ. ಹೊಸಬರ ಕೈ ಅಲ್ಲಾಡುವುದೇ ನಾಲ್ಕೈದು ಸೆಂ.ಮೀ. ಇರುತ್ತದೆ, ಅಲ್ಲಿ ಒಂದು ಮಿ.ಮೀ. ವ್ಯತ್ಯಾಸ ಯಾರಿಗೆ ಕಾಣಬೇಕು?

ಹಾಗಂತ ಸಿಕ್ಕಿದ್ದನ್ನೆಲ್ಲ ತುರುಕೋದಲ್ಲ. ಪಿಸ್ತೂಲನ್ನು ಬಟ್ಟೆ ಸುತ್ತಿ ವೈಸ್‌ನಲ್ಲಿ (ವರ್ಕ್‌ಶಾಪಿನ ಕಬ್ಬಿಣದ ಹಿಡಿಕೆ) ಬಿಗಿದು, ಹತ್ತು ಮೀಟರಿನಲ್ಲಿ ದಪ್ಪ ಕಾರ್ಡ್ ಕಟ್ಟಿ, ಒಂದೊಂದು ಬಗೆಯಲ್ಲೂ ಐದೈದು ಹೊಡೆದು ನೋಡಿದೆ. ಕೈಯಲ್ಲಿ ಹಿಡಿದು ಪೆಲೆಟ್ ಪರೀಕ್ಷೆ ಮಾಡಿದೆ ಅನ್ನುವವರು ನಿಜಕ್ಕೂ ಪರೀಕ್ಷೆ ಮಾಡಿರೋದು ತಮ್ಮ ಕೈಯನ್ನ. ಐದು ತೂತು ಸೇರಿ ಆದ ಗುಂಪನ್ನು ಈ ಅಂಚಿನಿಂದ ಆ ಅಂಚಿಗೆ ಅಳೆದು ಅದರಲ್ಲಿ 4.5 ಕಳೆದರೆ ನಿಜವಾದ ಹರಡು ಸಿಗುತ್ತದೆ. ಒಳ್ಳೆಯ ಪೆಲೆಟ್‌ನಲ್ಲಿ ಐದೂ ಸೇರಿ ಒಂದೇ ತೂತಿನ ಹಾಗೆ ಕಾಣುತ್ತಿತ್ತು, ಹೊರ ಅಂಚು ಏಳು ಮಿ.ಮೀ. ಆಸುಪಾಸು. ಅಗ್ಗದ ಒಂದು ಬಗೆಯಲ್ಲಿ ನಾಲ್ಕು ಒಟ್ಟಿಗೆ ಬಿದ್ದು ಐದನೆಯದು ದೂರ ಹೋಗಿ ಕೂತಿತು. ಇನ್ನೊಮ್ಮೆ ಹೊಡೆದೆ, ಮತ್ತೆ ಅದೇ ಕಥೆ. ಗುಂಪು ಸ್ವಲ್ಪ ದೊಡ್ಡದಾದರೆ ನನಗೆ ಬೇಜಾರಿಲ್ಲ, ಆದರೆ ಹೀಗೆ ದಾರಿ ತಪ್ಪುವ ಪೆಲೆಟ್ ಬೇಡ. ಒಂಬತ್ತು ಬಂದಾಗ ತಪ್ಪು ನಂದಾ ಪೆಲೆಟ್‌ದಾ ಅಂತ ಗೊತ್ತಾಗದೆ ಹೋದರೆ ಅಭ್ಯಾಸವೇ ದಂಡ.

ತೂಕದ ವಿಷಯದಲ್ಲಿ ವಾದ ಮುಗಿಯೋದೇ ಇಲ್ಲ. ಪೆಲೆಟ್ ಬ್ರ್ಯಾಂಡುಗಳಲ್ಲಿ ಆರ್‌ಡಬ್ಲ್ಯೂಎಸ್ ಆರ್10 ಆಗಲಿ, ಎಚ್ ಆಂಡ್ ಎನ್ ಫಿನಾಲೆ ಮ್ಯಾಚ್ ಆಗಲಿ, ಹಗುರದ್ದೂ ಸಿಗುತ್ತದೆ, 0.53 ಗ್ರಾಂನ ಭಾರದ್ದೂ ಸಿಗುತ್ತದೆ. ಹಗುರದ್ದು ನಳಿಗೆಯಿಂದ ಒಂದು ಚೂರು ಬೇಗ ಆಚೆ ಹೋಗುತ್ತದೆ, ಹಾಗಾಗಿ ಟ್ರಿಗರ್ ಒತ್ತಿದ ಮೇಲೆ ಕೈ ಸಡಿಲಿಸುವವರಿಗೆ ಒಳ್ಳೆಯದು ಅನ್ನುತ್ತಾರೆ. ನನ್ನ ಪಿಸ್ತೂಲಿಗೆ ಭಾರದ್ದೇ ಹೊಂದಿತು. ಪಕ್ಕದ ಲೇನಿನವರ ಪಿಸ್ತೂಲ್ ಅದೇ ಮಾಡೆಲ್, ಅವರಿಗೆ ಹಗುರದ್ದು ಹೊಂದಿತು. ಅದಕ್ಕೇ ಬೇರೆಯವರ ಮಾತು ಕೇಳಿ ಡಬ್ಬಿಗಟ್ಟಲೆ ತರಿಸಬೇಡಿ ಅನ್ನೋದು.

ಡಬ್ಬಿಯ ಮೇಲೆ ಚಿಕ್ಕ ಚೀಟಿಯಲ್ಲಿ 4.49, 4.50 ಅಂತ ಬರೆದಿರುತ್ತದೆ, ಅದು ಪೆಲೆಟ್‌ನ ತಲೆಯ ಅಳತೆ. ತುಂಬುವಾಗ ಹೆಬ್ಬೆರಳಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಸಡಿಲವಾದದ್ದು ತಾನಾಗಿ ಜಾರಿ ಒಳಗೆ ಹೋಗುತ್ತದೆ, ಸರಿಯಾದದ್ದು ಕೊನೆಯಲ್ಲಿ ಒಂಚೂರು ತಡೆದು ಕೂರುತ್ತದೆ. ಹಿಂಭಾಗದ ಲಂಗ ಅನ್ನೋದು ಬಲು ತೆಳು ಸೀಸ. ಮಂಡ್ಯದಿಂದ ಬಸ್ಸಿನಲ್ಲಿ ಬರುವ ಗೆಳೆಯನ ಡಬ್ಬಿಯಲ್ಲಿ, ಅದೂ ಅರ್ಧ ಖಾಲಿಯಾದ ಮೇಲೆ, ಲಂಗ ಚಪ್ಪಟೆಯಾದವು ಯಾವಾಗಲೂ ಇರುತ್ತವೆ. ಮುಚ್ಚಳದ ಕೆಳಗೆ ಒಂದು ತುಂಡು ಸ್ಪಂಜು ಇಟ್ಟರೆ ಮುಗೀತು. ಅನುಮಾನ ಬಂದದ್ದನ್ನು ಗಾಜಿನ ಮೇಲೆ ಉರುಳಿಸಿ ನೋಡುತ್ತೇನೆ. ಒಂದೇ ಸಮನೆ ಉರುಳದೆ ತಡವರಿಸಿದರೆ ಅದು ವಾರ್ಮಪ್‌ಗೆ. ಹೊಂದುವ ಡಬ್ಬಿ ಸಿಕ್ಕಿದರೆ ಅದೇ ಲಾಟ್ (ಒಂದೇ ಸಲ ತಯಾರಾದ ಕಂತು) ನಂಬರಿನದನ್ನು ಇನ್ನಷ್ಟು ತೆಗೆದಿಡುತ್ತೇನೆ, ಯಾಕಂದರೆ ಬ್ರ್ಯಾಂಡ್ ಅದೇ ಆದರೂ ಲಾಟ್ ಬದಲಾದರೆ ಗುಂಪು ಬದಲಾಗಬಹುದು.

ಇನ್ನು ಗಾಳಿ. ಸಿಲಿಂಡರ್ ತುಂಬುವುದು 200 ಬಾರ್‌ವರೆಗೆ (ಬಾರ್ ಅಂದರೆ ಒತ್ತಡದ ಅಳತೆ). ಬೈಕಿನ ಟೈರಿನಲ್ಲಿರೋದು ಎರಡು ಬಾರ್ ಚಿಲ್ಲರೆ, ಹಾಗಾಗಿ ಪಂಕ್ಚರ್ ಅಂಗಡಿಯಲ್ಲಿ ತುಂಬಿಸಬಹುದಾ ಅಂತ ಕೇಳಬೇಡಿ. ತೇವ ಇಲ್ಲದ ಗಾಳಿ ಬೇಕು, ಮಳೆಗಾಲದಲ್ಲಿ ಹ್ಯಾಂಡ್ ಪಂಪ್ ಹೊಡೆಯುವಾಗ ಫಿಲ್ಟರ್ ಇರಲೇಬೇಕು. ಆಮ್ಲಜನಕವನ್ನಂತೂ ತುಂಬಲೇಬಾರದು, ಎಣ್ಣೆ ಗ್ರೀಸು ತಾಗಿದರೆ ಸ್ಫೋಟ ಆಗುತ್ತದೆ. ಪಿಸ್ತೂಲಿನ ಒಳಗಿನ ರೆಗ್ಯುಲೇಟರ್ ಪ್ರತಿ ಹೊಡೆತಕ್ಕೂ ಒಂದೇ ಒತ್ತಡ ಕೊಡುತ್ತದೆ, ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ವೇಗದ ಸ್ಕ್ರೂ ತಿರುಗಿಸುವ ಚಪಲ ಎಲ್ಲರಿಗೂ ಇರುತ್ತದೆ. ನಾನು ಅದನ್ನು ಮುಟ್ಟಿಲ್ಲ. ಗೇಜ್ ನೂರರ ಹತ್ತಿರ ಬಂದರೆ ತುಂಬಿಸುತ್ತೇನೆ, ಅಷ್ಟೇ. ಚೆನ್ನಾಗಿದ್ದ ಗುಂಪು ಮೇಲೆ ಕೆಳಗೆ ಉದ್ದುದ್ದ ಹರಡೋಕೆ ಶುರುವಾದರೆ ಪೆಲೆಟ್ ಬದಲಾಯಿಸುವ ಮುಂಚೆ ರೆಗ್ಯುಲೇಟರ್ ತೋರಿಸಿ.

ಸೀಸ ಮುಟ್ಟಿದ ಕೈಯಲ್ಲಿ ಕಡ್ಲೆಪುರಿ ತಿನ್ನಬೇಡಿ, ಸೋಪು ಹಾಕಿ ತೊಳೆದ ಮೇಲೆ ತಿನ್ನಿ. ಸೆಕೆಂಡ್ ಹ್ಯಾಂಡ್ ಪಿಸ್ತೂಲ್ ತಗೊಳ್ಳುವವರು ಸಿಲಿಂಡರಿನ ಮೇಲೆ ಕೆತ್ತಿರುವ ತಾರೀಖನ್ನು ಮೊದಲು ನೋಡಿ. ಅದರ ಆಯಸ್ಸು ಸಾಮಾನ್ಯವಾಗಿ ಹತ್ತು ವರ್ಷ. ದಾಟಿದ್ದರೆ ಹೊಸ ಸಿಲಿಂಡರಿನ ಬೆಲೆ ಕಳೆದು ಚೌಕಾಸಿ ಮಾಡಿ.