ಕೌಂಟ್ ಬಂದ ಮೇಲೂ ಎಚ್ಚರ: ಕಾಂಡಕೋಶ ಕಸಿಯ ನಂತರದ ಎರಡು ವರ್ಷಗಳನ್ನು ದಾಟುವುದು ಹೇಗೆ?

ರಕ್ತಕಣಗಳನ್ನು ಹುಟ್ಟಿಸುವ ಕಾಂಡಕೋಶಗಳನ್ನು (ಸ್ಟೆಮ್ ಸೆಲ್) ದಾನಿಯಿಂದ ಪಡೆದು ಮಾಡುವ ಕಸಿ ಭಾರತದಲ್ಲಿ ಮೊದಲು ನಡೆದದ್ದು 1983ರಲ್ಲಿ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಬಿಎಂಟಿ (ಅಸ್ಥಿಮಜ್ಜೆಯ ಕಸಿ) ಎಂದೇ ಜನ ಗುರುತಿಸುವ ಈ ಚಿಕಿತ್ಸೆ ಈಗ ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ರಕ್ತದ ಕ್ಯಾನ್ಸರ್, ಅಪ್ಲಾಸ್ಟಿಕ್ ಅನೀಮಿಯಾ, ಥಲಸ್ಸೇಮಿಯಾದಂಥ ಕಾಯಿಲೆಗಳಿಗೆ ಕಸಿ ಮಾಡಿಸಿಕೊಂಡ ರೋಗಿ ಮನೆಗೆ ಹೊರಡುವಾಗ ‘ಕೌಂಟ್ ಬಂದಿದೆ’ ಎಂಬ ಮಾತು ಮನೆಯವರಿಗೆ ದೊಡ್ಡ ಸಮಾಧಾನ ಕೊಡುತ್ತದೆ. ಆದರೆ ಆ ಮಾತು ನ್ಯೂಟ್ರೋಫಿಲ್ ಎಂಬ ಒಂದೇ ಬಗೆಯ ಬಿಳಿ ರಕ್ತಕಣಕ್ಕೆ ಸಂಬಂಧಿಸಿದ್ದು. ಉಳಿದ ರಕ್ಷಕ ಕೋಶಗಳು ಒಂದೊಂದಾಗಿ, ತಮ್ಮದೇ ಕ್ರಮದಲ್ಲಿ ಮರಳುತ್ತವೆ. ಯಾವ ಎಚ್ಚರಿಕೆಯನ್ನು ಯಾವಾಗ ಸಡಿಲಿಸಬಹುದು ಎಂಬುದು ಈ ಕ್ರಮವನ್ನೇ ಅವಲಂಬಿಸಿರುವುದರಿಂದ ಮನೆಯವರು ಅದನ್ನು ತಿಳಿದಿರುವುದು ಅಗತ್ಯ.

ಮೊದಲ ಹಂತ: ಬೇರೂರುವ ವಾರಗಳು

ಕಸಿಗೆ ಮುಂಚೆ ಕೊಡುವ ತೀವ್ರ ಕೀಮೋಥೆರಪಿ ಅಥವಾ ವಿಕಿರಣ ರೋಗಿಯ ಹಳೆಯ ಮಜ್ಜೆಯನ್ನು ಅಳಿಸಿಹಾಕುತ್ತದೆ. ದಾನಿಯ ಕೋಶಗಳನ್ನು ರಕ್ತನಾಳಕ್ಕೆ ಹರಿಸಿದ ದಿನವನ್ನು ಸೊನ್ನೆಯ ದಿನವೆಂದು ಎಣಿಸುತ್ತಾರೆ. ಅಲ್ಲಿಂದ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳೊಳಗೆ ನ್ಯೂಟ್ರೋಫಿಲ್‌ಗಳ ಸಂಖ್ಯೆ ಮೈಕ್ರೋಲೀಟರ್‌ಗೆ 500ನ್ನು ದಾಟಿ ಸತತ ಮೂರು ದಿನ ಹಾಗೆಯೇ ನಿಂತರೆ ಕಸಿ ಬೇರೂರಿತೆಂದು ವೈದ್ಯರು ತೀರ್ಮಾನಿಸುತ್ತಾರೆ. ದಾನಿಯ ರಕ್ತದಿಂದ ಸಂಗ್ರಹಿಸಿದ ಕೋಶಗಳು ಬೇಗ ಬೇರೂರುತ್ತವೆ. ಹೊಕ್ಕುಳಬಳ್ಳಿಯ ರಕ್ತದ ಕೋಶಗಳಿಗೆ ಹೆಚ್ಚು ಸಮಯ ಬೇಕು. ಈ ಅವಧಿಯಲ್ಲಿ ರೋಗಿ ಬಹುತೇಕ ಆಸ್ಪತ್ರೆಯಲ್ಲೇ ಇರುವುದರಿಂದ ಮನೆಯವರ ಹೊಣೆ ಕಡಿಮೆ.

ಎರಡನೆಯ ಹಂತ: ನೂರನೆಯ ದಿನದವರೆಗೆ

ನಿಜವಾದ ಎಚ್ಚರಿಕೆ ಬೇಕಾಗುವುದು ಇಲ್ಲಿ. ಸೋಂಕು ತಗಲಿದ ಕೋಶಗಳನ್ನು ಕೊಲ್ಲುವ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳು ಮೊದಲ ಒಂದೆರಡು ತಿಂಗಳಲ್ಲೇ ಚೇತರಿಸಿಕೊಳ್ಳುತ್ತವೆಯಾದರೂ, ವೈರಾಣುಗಳನ್ನು ಗುರುತಿಟ್ಟು ಹೊಡೆಯುವ ಟಿ ಕೋಶಗಳು ಇನ್ನೂ ವಿರಳವಾಗಿರುತ್ತವೆ. ಇದೇ ಸಮಯದಲ್ಲಿ, ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆ ದಾಳಿ ಮಾಡುವ ಜಿವಿಎಚ್‌ಡಿ ಎಂಬ ತೊಡಕನ್ನು ತಡೆಯಲು ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೊಲಿಮಸ್‌ನಂಥ ಔಷಧಗಳನ್ನು ಕೊಡುತ್ತಿರುತ್ತಾರೆ. ಇವು ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸುತ್ತವೆ. ಹಾಗಾಗಿ ದೇಹದೊಳಗೆ ವರ್ಷಗಳಿಂದ ಸುಮ್ಮನಿದ್ದ ಸೈಟೊಮೆಗಾಲೊ ವೈರಸ್ ಈ ತಿಂಗಳುಗಳಲ್ಲಿ ಮತ್ತೆ ತಲೆಯೆತ್ತಬಹುದು. ಯಾವ ಲಕ್ಷಣವೂ ಕಾಣುವ ಮೊದಲೇ ಅದನ್ನು ಹಿಡಿಯಲೆಂದು ವಾರವಾರವೂ ರಕ್ತದ ಪಿಸಿಆರ್ ಪರೀಕ್ಷೆ ಮಾಡಿಸುತ್ತಾರೆ. ರೋಗಿ ಲವಲವಿಕೆಯಿಂದಿದ್ದಾರೆ, ದೂರದ ಪ್ರಯಾಣ ಏಕೆ ಎಂದು ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

ಮನೆಯಲ್ಲಿ ಥರ್ಮಾಮೀಟರ್ ಕೈಗೆಟಕುವಂತಿರಲಿ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯೆನ್ನದೆ ಕಸಿ ತಂಡಕ್ಕೆ ಫೋನ್ ಮಾಡಬೇಕು. ಅವರನ್ನು ಕೇಳದೆ ಪ್ಯಾರಾಸಿಟಮಾಲ್ ನುಂಗಿಸಿದರೆ ಜ್ವರ ಮರೆಯಾಗಿ, ಸೋಂಕು ಮಾತ್ರ ಒಳಗೊಳಗೇ ಬೆಳೆಯುತ್ತದೆ. ಹೊಸದಾಗಿ ಕಾಣಿಸಿದ ಚರ್ಮದ ದದ್ದು, ಭೇದಿ, ಕಣ್ಣಿನ ಹಳದಿ ಬಣ್ಣವನ್ನೂ ಅದೇ ದಿನ ತಿಳಿಸಬೇಕು.

ಊಟ ಬಿಸಿಯಾಗಿರಲಿ, ನೀರು ಕುದಿಸಿ ಆರಿಸಿದ್ದಾಗಿರಲಿ. ಹಸಿ ಕೋಸಂಬರಿ, ಕತ್ತರಿಸಿಟ್ಟ ಹಣ್ಣು, ರಸ್ತೆಬದಿಯ ಕಬ್ಬಿನ ಹಾಲು ಸದ್ಯಕ್ಕೆ ಬೇಡ. ಮೊಸರಿನ ವಿಷಯದಲ್ಲಿ ಆಸ್ಪತ್ರೆಗಳ ನಿಯಮಗಳು ಒಂದೇ ತೆರನಾಗಿಲ್ಲವಾದ್ದರಿಂದ ನಿಮ್ಮ ತಂಡವನ್ನೇ ಕೇಳಿ. ಮಣ್ಣು, ಗೊಬ್ಬರ, ಒಡೆದ ಗೋಡೆಯ ದೂಳುಗಳಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಕಣಗಳಿರುತ್ತವೆ. ಅವು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಮನೆ ರಿಪೇರಿಯನ್ನು ಮುಂದೂಡಿ. ಕೈತೋಟದ ಕೆಲಸವನ್ನು ಬೇರೆಯವರು ನೋಡಿಕೊಳ್ಳಲಿ. ನೋಡಲು ಬರುವ ನೆಂಟರಿಗೆ ಬೇಡವೆನ್ನುವುದು ನಮ್ಮ ಮನೆಗಳಲ್ಲಿ ಬಹಳ ಕಷ್ಟದ ಕೆಲಸ. ಆದರೂ ನೆಗಡಿ, ಕೆಮ್ಮು ಇರುವವರಿಗೆ ಅದನ್ನು ಹೇಳಲೇಬೇಕು.

ಮೂರನೆಯ ಹಂತ: ನಿಧಾನದ ತಿಂಗಳುಗಳು

ಟಿ ಕೋಶಗಳು ಎರಡು ದಾರಿಗಳಲ್ಲಿ ಬರುತ್ತವೆ. ದಾನಿಯಿಂದ ಬಂದ ಪ್ರೌಢ ಟಿ ಕೋಶಗಳೇ ಮೊದಲು ದ್ವಿಗುಣಗೊಳ್ಳುತ್ತ ಹೋಗುತ್ತವೆ. ಅವುಗಳ ಸಂಖ್ಯೆ ಹೆಚ್ಚಿದರೂ ಗುರುತಿಸಬಲ್ಲ ರೋಗಾಣುಗಳು ಕೆಲವೇ. ಹೊಸ ರೋಗಾಣುಗಳನ್ನೂ ಗುರುತಿಸಬಲ್ಲ ತಾಜಾ ಟಿ ಕೋಶಗಳು ತಯಾರಾಗುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಈ ಗ್ರಂಥಿ ವಯಸ್ಸಾದಂತೆ ಕುಗ್ಗುವುದರಿಂದ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆ, ಹಿರಿಯರಿಗೆ ವರ್ಷ, ಎರಡು ವರ್ಷ ಹಿಡಿಯುತ್ತದೆ. ವೈದ್ಯರು ಮುಖ್ಯವಾಗಿ ನೋಡುವ ಅಂಕಿ ಟಿ ಕೋಶಗಳದೇ ಒಂದು ಬಗೆಯಾದ ಸಿಡಿ4 ಕೋಶಗಳದ್ದು: ಅದು ಮೈಕ್ರೋಲೀಟರ್‌ಗೆ 200ನ್ನು ದಾಟುವುದು ಭರವಸೆಯ ಗುರುತು. ಇದನ್ನು ಕೈಮೆರಿಸಂ ಪರೀಕ್ಷೆಯೊಂದಿಗೆ ಬೆರೆಸಬಾರದು. ಕೈಮೆರಿಸಂ ನೂರಕ್ಕೆ ನೂರು ಬಂದರೆ ರಕ್ತವೆಲ್ಲ ದಾನಿಯ ಕೋಶಗಳಿಂದಲೇ ಆಗಿದೆ ಎಂದರ್ಥವೇ ಹೊರತು, ನಿರೋಧಕ ಶಕ್ತಿ ಪೂರ್ಣವಾಗಿದೆ ಎಂದಲ್ಲ.

ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೂ ಒಂದೆರಡು ವರ್ಷ ಬೇಕಾಗಬಹುದು. ಅಲ್ಲಿಯವರೆಗೆ ನ್ಯುಮೋಕಾಕಸ್ ಬ್ಯಾಕ್ಟೀರಿಯ ಮತ್ತು ಸರ್ಪಸುತ್ತಿನ ವೈರಸ್‌ನ ಭಯವಿದ್ದೇ ಇರುತ್ತದೆ. ಅಸೈಕ್ಲೊವಿರ್ ಮಾತ್ರೆಯನ್ನು ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ, ಕೋಟ್ರೈಮಾಕ್ಸಜೋಲ್ ಅನ್ನು ಕನಿಷ್ಠ ಆರು ತಿಂಗಳು ಮುಂದುವರಿಸುವುದು ಸೋಂಕುಗಳನ್ನು ತಡೆಯಲೆಂದೇ. ಜಿವಿಎಚ್‌ಡಿ ಇದ್ದು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ ಈ ಅವಧಿ ಇನ್ನೂ ಉದ್ದವಾಗುತ್ತದೆ. ಮಾತ್ರೆಗಳನ್ನು ನಿಲ್ಲಿಸುವ ನಿರ್ಧಾರ ಕಸಿ ತಂಡದ್ದೇ ಆಗಿರಬೇಕು.

ನಾಲ್ಕನೆಯ ಹಂತ: ಲಸಿಕೆಗಳನ್ನು ಮೊದಲಿನಿಂದ ಹಾಕಿಸುವುದು

ಬಾಲ್ಯದಲ್ಲಿ ಪಡೆದ ಲಸಿಕೆಗಳ ರಕ್ಷಣೆ ಕಸಿಯ ನಂತರ ಕ್ರಮೇಣ ಕರಗಿಹೋಗುತ್ತದೆ. ನ್ಯುಮೋಕಾಕಸ್ ಲಸಿಕೆಯನ್ನು ಮೂರರಿಂದ ಆರು ತಿಂಗಳ ನಡುವೆ ಆರಂಭಿಸಬಹುದು. ಧನುರ್ವಾಯು, ಗಂಟಲಮಾರಿ, ಹೆಪಟೈಟಿಸ್ ಬಿ ಮತ್ತು ಚುಚ್ಚುಮದ್ದಿನ ಪೋಲಿಯೊ ಲಸಿಕೆಗಳು ಆರು ತಿಂಗಳ ನಂತರ ಶುರುವಾಗುತ್ತವೆ. ದಡಾರ, ಮಂಗನಬಾವು, ರುಬೆಲ್ಲಾಗಳ ಸಂಯುಕ್ತ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದರಿಂದ ಎರಡು ವರ್ಷ ತುಂಬುವ ಮೊದಲು ಅದನ್ನು ಕೊಡುವುದಿಲ್ಲ. ಆಗಲೂ ಜಿವಿಎಚ್‌ಡಿ ಇಲ್ಲದೆ, ನಿರೋಧಕ ಶಕ್ತಿ ತಗ್ಗಿಸುವ ಔಷಧಗಳು ನಿಂತಿರಬೇಕು. ಮನೆಯವರೆಲ್ಲರೂ ಪ್ರತಿವರ್ಷ ಫ್ಲೂ ಚುಚ್ಚುಮದ್ದು ಹಾಕಿಸಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಪುಟ್ಟ ಮಗುವಿದ್ದರೆ ಪಲ್ಸ್ ಪೋಲಿಯೊ ದಿನ ಬರುವ ಮುನ್ನವೇ ಕಸಿ ತಂಡವನ್ನೂ ಮಕ್ಕಳ ವೈದ್ಯರನ್ನೂ ಕೇಳಬೇಕು. ಬಾಯಿಗೆ ಹಾಕುವ ಹನಿಯಲ್ಲಿನ ಜೀವಂತ ವೈರಸ್ ಮಗುವಿನ ಮಲದಲ್ಲಿ ಕೆಲವು ವಾರಗಳ ಕಾಲ ಹೊರಬರುತ್ತದೆ. ಆ ಅವಧಿಯಲ್ಲಿ ಮಗುವಿನ ಡಯಾಪರ್ ಬದಲಿಸುವ ಕೆಲಸಕ್ಕೆ ರೋಗಿ ಕೈಹಾಕಬಾರದು.